ಆರನೆಯವನು

ಜಂಬುಲಿಂಗಪ್ಪನವರಿಗೆ ಬೇಕಾಗಿದ್ದದ್ದು ಒಂದು ಮುದ್ದೆ, ಅದರ ಮೇಲೊಂದು ನಿದ್ದೆ. ಅಷ್ಟೇ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಮೊಳಕಾಲ್ಮೂರಿನ ಪರವಾಗಿ ಕೂರುವ ಸದಸ್ಯರಿಗೆ ಇದೇನೂ ದೊಡ್ಡ ಆಸೆಯಲ್ಲ. ಆದರೆ ಮಾಡಿದ ಭಾಷಣ ಬೆನ್ನು ಬಿಡಬೇಕಲ್ಲ!

ಹೋದ ದಸರಾ ಸಭೆಯಲ್ಲಿ, ಗುಂಪುಗೂಡಿ ಕೂಗಾಡುವವರಿಗೆ ಕಡಿವಾಣ ಹಾಕುವ ಕಾಯಿದೆಯ ಮೇಲೆ ಚರ್ಚೆ ನಡೆದಿತ್ತು. ಊಟದ ಹೊತ್ತು ಮೀರಿದರೂ ಮಾತು ಮುಗಿಯುವ ಸೂಚನೆ ಇರಲಿಲ್ಲ. ಬೇಗ ಮುಗಿದರೆ ಸಾಕೆಂದು ಜಂಬುಲಿಂಗಪ್ಪನವರೇ ಎದ್ದು ನಿಂತರು. "ಬೀದಿಯಲ್ಲಾಗಲಿ ಜಗಲಿಯಲ್ಲಾಗಲಿ ಐದು ಜನಕ್ಕಿಂತ ಹೆಚ್ಚು ಸೇರಕೂಡದು. ಸೇರಿದವರನ್ನೆಲ್ಲ ಹಿಡಿದರೆ ಠಾಣೆ ಸಾಲದು. ಕೊನೆಗೆ ಬಂದವನನ್ನು ಮಾತ್ರ ಹಿಡಿಯಲಿ" ಎಂದರು.

"ಹಾಗಾದರೆ ಜನ ತಮ್ಮ ಕಷ್ಟ ಯಾರಿಗೆ ಹೇಳಬೇಕು?" ಎಂದು ಯಾರೋ ಕೇಳಿದರು.

"ಅವರ ಪ್ರತಿನಿಧಿ ಎಲ್ಲಿದ್ದಾನೋ ಆ ಬಾಗಿಲಿಗೆ ಹೋಗಿ, ಐದು ಜನ ತುಟಿ ಬಿಚ್ಚದೆ ಕೂರಲಿ. ಅವನಿರುವುದು ಮತ್ತೇತಕ್ಕೆ?"

ಸಭೆ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದಿತು. ಸರ್ಕಾರ ಆ ಮಾತನ್ನು ಒಂದಕ್ಷರ ಬಿಡದೆ ಕಾಯಿದೆ ಮಾಡಿತು.

ಕಾಯಿದೆ ಬಂದ ಸಂತೋಷಕ್ಕೆ ಚಳ್ಳಕೆರೆಯ ವರ್ತಕರು ಅವರನ್ನು ಸನ್ಮಾನಕ್ಕೆ ಕರೆಸಿದರು. ಹಾರ ಹಾಕಿದರು, ಪನ್ನೀರು ಚಿಮುಕಿಸಿದರು. ಊಟ ಮಾತ್ರ, ಇನ್ನೊಬ್ಬ ವರ್ತಕರ ಮನೆಯಲ್ಲಿ ಆಗಿರುತ್ತದೆಂದು ಒಬ್ಬೊಬ್ಬರೂ ಸುಮ್ಮನಾದರು. ನಮ್ಮ ಸದಸ್ಯರಿಗೋ ಬಾಯಿಬಿಟ್ಟು ಕೇಳಲು ಮರ್ಯಾದೆ ಅಡ್ಡ ಬಂತು. ರಾತ್ರಿಯೆಲ್ಲ ಗಾಡಿಯಲ್ಲಿ ಕುಲುಕುತ್ತ ಬಿ.ಜಿ. ಕೆರೆ ದಾಟುವಾಗ ಕೊರಳ ಹಾರದ ಹೂವನ್ನೇ ತಿಂದುಬಿಡಲೇ ಎನ್ನಿಸಿತ್ತು ಪಾಪ. ಅಂತೂ ಬೆಳಗ್ಗೆ ಮನೆ ಮುಟ್ಟಿ ನೋಡಿದರೆ, ಜಗಲಿಯ ಮೇಲೆ ಐದು ಜನ ನೇಕಾರರು ಸಾಲಾಗಿ ಕೂತಿದ್ದಾರೆ.

"ಏನಪ್ಪಾ ಚಿತ್ತಯ್ಯ, ಏನು ಸಮಾಚಾರ?" ಎಂದು ಅವರಲ್ಲಿ ಹಿರಿಯನನ್ನು ಕೇಳಿದರು. ಚಿತ್ತಯ್ಯ ಕೈ ಮುಗಿದು, ತುಟಿಯ ಮೇಲೆ ಬೆರಳಿಟ್ಟುಕೊಂಡ.

ಪಕ್ಕದ ಮನೆ ಬೊಮ್ಮಕ್ಕ ಗೋಡೆಯ ಮೇಲಿಂದ ತಲೆ ಹಾಕಿದಳು. ಕೇಳದಿದ್ದರೂ ಹೇಳುವುದು ಆಕೆಯ ಹುಟ್ಟುಗುಣ. "ಅವ್ರು ಮಾತಾಡಂಗಿಲ್ಲ ಸಾವ್ಕಾರ್ರೇ, ನಿಮ್ದೇ ಕಾಯಿದೆ! ನಾನು ಹೇಳ್ತೀನಿ ಕೇಳ್ರಿ. ರೇಷ್ಮೆ ನೂಲು ಬೀದಿಯುದ್ದ ಎಳೆದು ಮಗ್ಗಕ್ಕೆ ಹಾಸು ಹಿಡಿಯಾಕೆ ಹತ್ತು ಜನ ಬೇಕು. ಕಾಯಿದೆಯಾಗೆ ಐದೇ ಜನ. ನಿನ್ನೆ ಆರನೆಯೋನು ನೂಲು ಮುಟ್ಟಿದ್ದೇ ತಡ, ದಫೇದಾರ ಹಿಡ್ಕಂಡು ಹೋಗಿ ದಂಡ ಹಾಕ್ದ. ಊರಿನ ಮಗ್ಗ ಎಲ್ಲ ನಿಂತಾವೆ. ಕಾಯಿದೆ ತೆಗೆಯೋ ತನಕ ಇವ್ರು ಹಿಡಿ ಅನ್ನ ಮುಟ್ಟಲ್ಲಂತೆ."

ಜಂಬುಲಿಂಗಪ್ಪನವರಿಗೆ ನಿಜಕ್ಕೂ ಅಯ್ಯೋ ಎನಿಸಿತು. ಹತ್ತು ಜನ ಕೂಗಾಡುವುದು ಅವರ ಕಣ್ಣಿಗೆ ಬಿದ್ದಿತ್ತೇ ಹೊರತು, ಹತ್ತು ಜನ ಕೆಲಸ ಮಾಡುವುದು ನೆನಪಿಗೇ ಬಂದಿರಲಿಲ್ಲ.

"ಆಗ್ಲಪ್ಪಾ, ಮುಂದಿನ ದಸರಾಕ್ಕೆ ಹೋದಾಗ ತೆಗೆಸ್ತೀನಿ. ಈಗ ಏಳ್ರಿ."

ಚಿತ್ತಯ್ಯ ಹೆಗಲ ಮೇಲಿನ ವಲ್ಲಿಯನ್ನು ಮಡಚಿ ಬೆನ್ನಿಗೆ ಒತ್ತುಕೊಟ್ಟುಕೊಂಡ.

"ದಸರಾ ತನಕ ಇಲ್ಲೇ ಕೂರ್ತಾರಂತೆ" ಎಂದು ಬೊಮ್ಮಕ್ಕ ಅರ್ಥ ಬಿಡಿಸಿದಳು.

ಒಳಗೆ ಹೋದರೆ ಒಲೆಯಲ್ಲಿ ಬೆಕ್ಕು ಮಲಗಿತ್ತು. ಹೆಂಡತಿ ಈಶ್ವರಮ್ಮ ಕಂಬಕ್ಕೊರಗಿ ಕೂತಿದ್ದಳು.

"ಮುದ್ದೆ ಎಲ್ಲೇ?"

"ಬಾಗಿಲಾಗೆ ಜನ ಹಸ್ಕಂಡು ಕೂತಿರುವಾಗ ಒಳಗಿನೋರು ಉಣ್ತಾರೇನ್ರಿ? ಅತ್ತೆಯೋರು ಇದ್ದಿದ್ರೆ ಏನಂತಿದ್ರು?"

"ಹಂಗಾದ್ರೆ ಅವ್ರನ್ನೂ ಉಣ್ಣಾಕೆ ಕರಿ."

"ಕರೆದೆ. ಕೈ ಮುಗಿದ್ರು. ನಾನೂ ನಿನ್ನೆಯಿಂದ ಏನೂ ಮುಟ್ಟಿಲ್ಲ."

ಈಶ್ವರಮ್ಮ ಅತ್ತ ತಿರುಗಿದ್ದೇ ಸಮಯವೆಂದು ಸಾಹುಕಾರರು ಗೂಟಕ್ಕೆ ನೇತುಹಾಕಿದ್ದ ಗೊನೆಯಿಂದ ಒಂದು ಬಾಳೆಹಣ್ಣು ಕಿತ್ತರು. "ಸಾವ್ಕಾರ್ರು ಹಣ್ಣು ಸುಲೀತಾವ್ರೆ!" ಎಂದು ಕಿಟಕಿಯಿಂದ ಬೊಮ್ಮಕ್ಕ ಬೀದಿಗೆಲ್ಲ ಸಾರಿದಳು. ಅರ್ಧ ಸುಲಿದ ಹಣ್ಣು ಗೊನೆಯ ಪಕ್ಕಕ್ಕೆ ವಾಪಸು ಹೋಯಿತು.

ಬಿಸಿಲಲ್ಲಿ ಕಾಲೆಳೆದುಕೊಂಡು ಅಮಲ್ದಾರರ ಕಚೇರಿಗೆ ಹೋದರು. ಆಗತಾನೆ ಊಟ ಮುಗಿಸಿ ಅಡಿಕೆ ಅಗಿಯುತ್ತಿದ್ದ ಅಮಲ್ದಾರರು ಎಲ್ಲವನ್ನೂ ನಿಧಾನವಾಗಿ ಕೇಳಿದರು.

"ಅವರೇನು ತಮಟೆ ಬಡಿದರೇ?"

"ಇಲ್ಲ."

"ಕೂಗಿದರೇ?"

"ಕೆಮ್ಮು ಕೂಡ ಇಲ್ಲ ಸ್ವಾಮಿ."

"ಎಷ್ಟು ಜನ?"

"ಐದು."

"ಭೇಷ್! ಕಾಯಿದೆ ಅಂದರೆ ಹೀಗೆ ನಡೀಬೇಕು. ಇಡೀ ಸೀಮೆಯಲ್ಲಿ ನಿಮ್ಮ ಮನೆ ಬಾಗಿಲೇ ಮಾದರಿ ಅಂತ ಮೇಲಕ್ಕೆ ಬರೀತೀನಿ" ಎಂದು ಅಮಲ್ದಾರರು ಕೈ ಕುಲುಕಿ ಕಳಿಸಿಕೊಟ್ಟರು.

ಮನೆ ಮುಟ್ಟುವಾಗ ಸೂರ್ಯ ಬಾಡಿದ್ದ, ಅವರೂ ಬಾಡಿದ್ದರು. ಹೊಸ್ತಿಲು ದಾಟುವಷ್ಟು ಶಕ್ತಿ ಇರಲಿಲ್ಲ. ಉಸ್ಸಪ್ಪಾ ಎಂದು ಜಗಲಿಯ ತುದಿಯಲ್ಲಿ ಕೂತುಬಿಟ್ಟರು. ಚಿತ್ತಯ್ಯ ಗಾಬರಿಯಿಂದ ಏಳಿ ಏಳಿ ಎಂದು ಕೈಸನ್ನೆ ಮಾಡಿದ. ಆ ಸನ್ನೆ ಅರ್ಥವಾಗುವಷ್ಟರಲ್ಲಿ ದಫೇದಾರ ಚಿಕ್ಕಬಸಪ್ಪ ಬೀದಿಗೆ ಬಂದು ಬೆರಳು ಮಡಚಿ ಎಣಿಸುತ್ತಿದ್ದ.

"ಆರು ಜನ! ಕೊನೆಗೆ ಬಂದೋರು ಯಾರು?"

ಐವರೂ ತಲೆ ತಗ್ಗಿಸಿದರು. "ಸಾವ್ಕಾರ್ರೇ!" ಎಂದಳು ಬೊಮ್ಮಕ್ಕ.

"ಲೇ ಚಿಕ್ಕಬಸಪ್ಪ, ಇದು ನನ್ನ ಜಗಲಿ ಕಣಲೇ!"

"ಜಗಲಿ ನಿಮ್ದೇ ಸಾವ್ಕಾರ್ರೇ, ಕಾಯಿದೆನೂ ನಿಮ್ದೇ. ಏಳ್ರಿ."

ಠಾಣೆ ಸೇರಿ ಗೋಡೆಗೊರಗಿದ ಮೇಲೆ ಜಂಬುಲಿಂಗಪ್ಪನವರಿಗೆ ಒಂದು ವಿಷಯ ಹೊಳೆಯಿತು. ಇಲ್ಲಿ ಬಾಗಿಲಲ್ಲಿ ಯಾರೂ ಕೂತಿಲ್ಲ! ಮಾನ ಹೋದರೆ ಹೋಗಲಿ, ಮುದ್ದೆ ಸಿಕ್ಕೀತು. ಚಿಕ್ಕಬಸಪ್ಪ ಕಾಯಿದೆಯ ಮನುಷ್ಯನಾದರೂ ಕರುಳಿದ್ದವನು. ಮನೆಯಿಂದ ಬಿಸಿ ಮುದ್ದೆ, ಹುರುಳಿಕಾಳಿನ ಸಾರು ತರಿಸಿ ಮುಂದಿಟ್ಟ. ಆ ಘಮಕ್ಕೆ ಸಾಹುಕಾರರ ಕಣ್ಣಲ್ಲಿ ನೀರು ಬಂತು. ಮುದ್ದೆ ಮುರಿದರು, ಸಾರಿಗೆ ಅದ್ದಿದರು, ತುತ್ತು ಎತ್ತಿದರು.

ಬಾಗಿಲಿಗೆ ನೆರಳು ಬಿತ್ತು. ಮುಂದೆ ಚಿತ್ತಯ್ಯ, ಹಿಂದೆ ನಾಲ್ವರು. ಸದ್ದಿಲ್ಲದೆ ಬಂದು ಠಾಣೆಯ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಅವರ ಹಿಂದೆಯೇ, ಕಾಯಿದೆಗೆ ಸಿಗದಷ್ಟು ದೂರದಲ್ಲಿ, ಬೇವಿನ ಮರದ ಕೆಳಗೆ ಬೊಮ್ಮಕ್ಕ ನಿಂತಳು.

"ಪ್ರತಿನಿಧಿ ಎಲ್ಲಿದ್ದಾನೋ ಅದೇ ಬಾಗಿಲಂತೆ!"

ಚಿಕ್ಕಬಸಪ್ಪ ಹೊರಗೆ ಬಗ್ಗಿ ಎಣಿಸಿದ. ಸರಿಯಾಗಿ ಐದು. ಆಮೇಲೆ ಒಳಗೆ ಬಂದು ಸಾಹುಕಾರರ ಕೈಯಲ್ಲಿದ್ದ ತುತ್ತನ್ನು ಮೆಲ್ಲಗೆ ಬಿಡಿಸಿ ತಟ್ಟೆಗೆ ಹಾಕಿ, ತಟ್ಟೆಯನ್ನು ಎತ್ತಿ ಗೋಡೆಯ ಮಾಡದಲ್ಲಿಟ್ಟು ಮುಚ್ಚಿದ.

"ತಪ್ಪು ತಿಳ್ಕಬ್ಯಾಡ್ರಿ ಸಾವ್ಕಾರ್ರೇ. ಬಾಗಿಲಾಗೆ ಹಸಿದೋರು ಕೂತಾರೆ."

ಬೆರಳಿಗಂಟಿದ ಸಾರನ್ನು ನೆಕ್ಕಬಹುದೋ ಬಾರದೋ ಎಂದು ತಿಳಿಯದೆ, ಜಂಬುಲಿಂಗಪ್ಪನವರು ಕಿಟಕಿಯಿಂದ ಬೊಮ್ಮಕ್ಕನ ಕಡೆ ನೋಡಿದರು. ಆಕೆ ಇವರನ್ನೇ ನೋಡುತ್ತಿದ್ದಳು.