ನಾಲ್ಕನೇ ಪದರದ ನೀರು

ಹಳೆಯ ಬಸ್ ನಿಲ್ದಾಣ ಕೆಡವಿದ ಜಾಗದ ಉತ್ಖನನದಲ್ಲಿ, ಮೂರನೇ ಗುಂಡಿಯ ನಾಲ್ಕನೇ ಪದರದಲ್ಲಿ, ಮಂಗಳವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನೀರು ಪತ್ತೆಯಾಯಿತು. ಅದನ್ನು ಬರೀ ಅಂತರ್ಜಲವೆಂದು ತಿಳಿದದ್ದು ಮೇಲ್ವಿಚಾರಕಿಯ ಮೊದಲ ತಪ್ಪು.

ಆಕೆಯ ಗಾಬರಿಗೆ ಕಾರಣವಿತ್ತು. ಅದೇ ಪದರದಲ್ಲಿ ಹನ್ನೊಂದು ಹಸಿ ಮಡಕೆಗಳು ಸಾಲಾಗಿ ಕೂತಿದ್ದವು. ಎರಡು ಸಾವಿರ ವರ್ಷದ ಹಿಂದೆ ಯಾವನೋ ಕುಂಬಾರ ಒಣಗಲಿಟ್ಟವನು ಸುಡದೇ ಎದ್ದುಹೋಗಿದ್ದ. ಏಳನೆಯದರ ಕಂಠದ ಮೇಲೆ ಅವನ ಹೆಬ್ಬೆರಳ ಗುರುತು ಹಾಗೇ ಇತ್ತು. ಮುಟ್ಟಿದರೆ ಪುಡಿ, ನೆನೆದರೆ ಕೆಸರು. ಆಕೆ ಪಂಪಿನವನನ್ನು ಕರೆಸಿದಳು. ಅವನ ಹಿಂದೆಯೇ ಸಹಾಯಕ ನಿರ್ದೇಶಕರೂ ಬಂದರು.

"ನಿಲ್ಸಿ ಮೇಡಂ. ಈ ನೀರು ಯಾವ ಪದರದಲ್ಲಿ ಸಿಕ್ತು?"

"ಸಿಗಲಿಲ್ಲ ಸಾರ್, ಉಕ್ಕಿತು. ನಾಲ್ಕನೇದರಲ್ಲಿ."

"ಹಾಗಾದ್ರೆ ನಿಯಮ ಹದಿನೇಳು."

ಮೂರನೇ ಪದರದ ಕೆಳಗೆ ದೊರೆತ ಯಾವುದೇ ವಸ್ತುವನ್ನು ಪ್ರಾಚೀನ ವಸ್ತುವೆಂದೇ ಭಾವಿಸತಕ್ಕದ್ದು. ಸಮಿತಿಯ ಪರಿಶೀಲನೆಯಿಲ್ಲದೆ ಹೊರತೆಗೆಯತಕ್ಕದ್ದಲ್ಲ. ಕಾಣೆಯಾದಲ್ಲಿ ಮೇಲ್ವಿಚಾರಕರೇ ಹೊಣೆ. ಅಗೆತದಲ್ಲಿ ಸಿಕ್ಕ ಮಣಿಗಳು ಅಧಿಕಾರಿಗಳ ಮನೆಯ ಷೋಕೇಸು ಸೇರುವುದನ್ನು ತಡೆಯಲು ಎಂಟು ವರ್ಷದ ಹಿಂದೆ ಆಕೆಯೇ ಹಟ ಹಿಡಿದು ಬರೆಸಿದ ನಿಯಮ.

"ಸಾರ್, ಅದು ನೀರು!"

"ಅದನ್ನ ಸಮಿತಿ ಹೇಳಲಿ. ನಿಮಗ್ಯಾಕೆ ಆತುರ?"

"ಪೈಪಲ್ಲಿ ಎಳೆದ್ರೆ ಒಡೆದೋಗತ್ತಾ ಸಾರ್ ಇದು?" ಎಂದ ಪಂಪಿನವನು.

"ನೀನು ಸುಮ್ನಿರಪ್ಪ, ತಾಂತ್ರಿಕ ವಿಷಯ."

ನೀರಿಗೆ ಸಂಖ್ಯೆ ಬರೆದ ಮರದ ಚೀಟಿ ತೇಲಿಬಿಡಲಾಯಿತು. ಗುಂಡಿಯ ಪಕ್ಕ ಪ್ರಕಟಣೆಯೂ ನಿಂತಿತು: 'ಸದರಿ ನೀರನ್ನು ಮುಟ್ಟುವುದು, ಕುಡಿಯುವುದು, ಅದರಲ್ಲಿ ಮುಖ ನೋಡಿಕೊಳ್ಳುವುದನ್ನು ನಿಷೇಧಿಸಲಾಗಿದೆ. ಕಪ್ಪೆಗಳು ಕಂಡುಬಂದಲ್ಲಿ ಪ್ರತ್ಯೇಕ ಸಂಖ್ಯೆ ಪಡೆಯತಕ್ಕದ್ದು.'

ಗುರುವಾರ ಆಕೆ ಫೋನು ಮಾಡಿದಳು. "ಸಾರ್, ನಾಲ್ಕು ಮಡಕೆ ಹೋದವು."

"ಕಳುವಾದ್ವಾ?"

"ಕರಗಿದ್ವು. ನೀರಲ್ಲೇ."

"ಅಂದ್ರೆ ಗುಂಡಿಯಲ್ಲೇ ಇವೆ ತಾನೇ? ಮತ್ಯಾಕೆ ಅಳ್ತೀರಿ? ಅಳೋದಾದ್ರೆ ಸ್ವಲ್ಪ ದೂರ ಹೋಗಿ ಅಳಿ ತಾಯಿ, ಈ ಕಾಲದ ನೀರು ಬೆರೀಬಾರದು."

ಮರುವಾರ ಸಮಿತಿ ಬಂದಾಗ ಗುಂಡಿಯಲ್ಲಿ ಕಂದು ಬಣ್ಣದ ನೀರೊಂದೇ ಇತ್ತು. ಸಮಿತಿಗೆ ಬಹಳ ಸಂತೋಷವಾಯಿತು. ಹನ್ನೊಂದು ಮಡಕೆಗಳನ್ನು ಒಡಲಲ್ಲಿಟ್ಟುಕೊಂಡ ಈ ನೀರು ಸಾಮಾನ್ಯ ನೀರಲ್ಲವೆಂದು ಅದು ಒಮ್ಮತದಿಂದ ತೀರ್ಮಾನಿಸಿತು. ಜಲಾವಶೇಷ ವಿಭಾಗ ಹುಟ್ಟಿತು. ಸಹಾಯಕ ನಿರ್ದೇಶಕರು ಅದರ ನಿರ್ದೇಶಕರಾದರು. ಕಾರೂ ಬಂತು, ಮುಂದೆ ಕೂರಲು ಒಬ್ಬ ಜವಾನನೂ ಬಂದ.

ಪುಸ್ತಕದಲ್ಲಿ ಹೀಗೆ ದಾಖಲಾಯಿತು: 'ಮಡಕೆ, ಹನ್ನೊಂದು. ಸ್ಥಿತಿ: ದ್ರವ.'

"ಇದಕ್ಕೆ ನಾನು ಸಹಿ ಹಾಕೋದಿಲ್ಲ," ಎಂದಳು ಮೇಲ್ವಿಚಾರಕಿ.

"ಬೇಡ ಬಿಡಿ," ಎಂದರು ನಿರ್ದೇಶಕರು, ತುಂಬ ಮೃದುವಾಗಿ. "ಆಗ ಹನ್ನೊಂದು ಮಡಕೆ ಕಾಣೆ ಅಂತ ಬರೀತೀವಿ. ಹೊಣೆ ಯಾರದು ಅನ್ನೋದು ನಿಮ್ಮ ನಿಯಮದಲ್ಲೇ ಇದೆಯಲ್ಲ."

ಆಕೆ ಒಂದಿಡೀ ದಿನ ಸಹಿ ಹಾಕಲಿಲ್ಲ. ಎರಡನೆಯ ದಿನ ಹಾಕಿದಳು.

ಈಗ ಸಂಗ್ರಹಾಲಯದಲ್ಲಿ ಹನ್ನೊಂದು ಗಾಜಿನ ಜಾಡಿಗಳಿವೆ. ಅವುಗಳ ಉಸ್ತುವಾರಿಯೂ ಆಕೆಯದೇ. ಮೊನ್ನೆ ಒಬ್ಬರು ಹಿರಿಯರು ಒಂದು ಜಾಡಿಯನ್ನೆತ್ತಿ ಅಲ್ಲಾಡಿಸಿಬಿಟ್ಟರು.

"ಅಯ್ಯೋ, ಮೆಲ್ಲಗೆ ಇಡಿ ಸ್ವಾಮಿ!" ಆಕೆ ಓಡಿ ಬಂದಳು. "ಅದು ಏಳನೇ ಮಡಕೆ. ಕುಂಬಾರನ ಹೆಬ್ಬೆರಳ ಗುರುತಿದೆ, ಅಳಿಸಿಹೋಗತ್ತೆ."

ಹಿರಿಯರು ಜಾಡಿಯನ್ನು ಕೆಳಗಿಟ್ಟು, ಕನ್ನಡಕ ಏರಿಸಿ, ಬಗ್ಗಿ ನೋಡಿದರು.

"ಹೌದೌದು," ಎಂದರು. "ಕಾಣ್ತು."