ಆನಂದ ಮೇಳದಲ್ಲಿ ಪತ್ರೊಡೆ

ಡೊಂಬಿವಲಿ ಪೂರ್ವದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸಸ್ಯಾಹಾರಿ ಹೋಟೆಲು ಇದೆ. ಇಪ್ಪತ್ತೇಳು ವರ್ಷ ಅದರ ಗಲ್ಲಾದಲ್ಲಿ ಕುಳಿತು ನಾನು ಮಾಡಿದ ಸಂಶೋಧನೆಯನ್ನು ಯಾವ ವಿಶ್ವವಿದ್ಯಾಲಯವೂ ಮಾಡಿರಲಾರದು. ಒಳಗೆ ಬಂದವನ ಮುಖ ನೋಡಿದರೆ ಸಾಕು, ಏನು ತಿನ್ನುತ್ತಾನೆಂದು ಹೇಳಬಲ್ಲೆ. ಗಡಿಯಾರ ನೋಡುತ್ತ ಬಂದವನಿಗೆ ಇಡ್ಲಿ. ಲೋಕಲ್ ರೈಲು ತಪ್ಪಿಸಿಕೊಂಡು ಬಂದವನಿಗೆ ಮಸಾಲೆ ದೋಸೆ (ಹೇಗೂ ತಡವಾಯಿತಲ್ಲ!). ಡಾಕ್ಟರರ ಹತ್ತಿರ ಹೋಗಿ ಬಂದವನಿಗೆ ಮೊದಲ ದಿನ ಉಪ್ಪಿಟ್ಟು, ಮರುದಿನ ಬಟಾಟೆ ವಡೆ. ನನ್ನ ಹೆಸರು ಪುಂಡರೀಕಾಕ್ಷ. ಕಮಲದಂಥ ಕಣ್ಣಿಗೆ ದಪ್ಪ ಕನ್ನಡಕ ಬಂದಿದ್ದರೂ ಗಿರಾಕಿಯ ಹೊಟ್ಟೆಯೊಳಗಿನದು ಸ್ವಚ್ಛವಾಗಿ ಕಾಣುತ್ತದೆ.

ಇಂಥ ಉದರಶಾಸ್ತ್ರಜ್ಞ ಗಂಡನಾಗಿ ಸಿಕ್ಕಿದ್ದು ತನ್ನ ಪುಣ್ಯವೆಂದು ಒಪ್ಪದವಳು ಒಬ್ಬಳೇ. ಅವಳು ನನ್ನ ಹೆಂಡತಿ ವಾರಿಜಾ.

ನಮ್ಮ ಹೌಸಿಂಗ್ ಸೊಸೈಟಿಯ ಗಣೇಶೋತ್ಸವದಲ್ಲಿ ಒಂದು ಸಂಜೆ ‘ಆನಂದ ಮೇಳ’. ಮನೆಮನೆಯವರು ಅಂಗಳದಲ್ಲಿ ತಿಂಡಿಯ ಸ್ಟಾಲು ಹಾಕುತ್ತಾರೆ, ಕೊನೆಗೆ ಒಂದು ಬಹುಮಾನ. ಪ್ರತಿವರ್ಷ ನನ್ನದೇ ದೊಡ್ಡ ಸ್ಟಾಲು. ಈ ಸಲ ವಾರಿಜಾ, “ನಾನೂ ಬೇರೆ ಸ್ಟಾಲು ಹಾಕ್ತೇನೆ. ಪತ್ರೊಡೆ ಮಾಡ್ತೇನೆ” ಎಂದಳು.

ನನಗೆ ನಗು ತಡೆಯಲಾಗಲಿಲ್ಲ. “ಅದು ಹೋಗುದಿಲ್ಲ ಮಾರಾಯ್ತಿ. ಜನ ಗೊತ್ತಿದ್ದದ್ದನ್ನೇ ತಿನ್ನುದು. ಕೆಸುವಿನ ಎಲೆಗೆ ಇಲ್ಲಿ ಬೆಲೆ ಇಲ್ಲ.”

“ಯಾಕೆ, ಇಲ್ಲಿಯವರು ಅಳೂವಡಿ ತಿನ್ನುದಿಲ್ವಾ? ಅದೂ ಕೆಸುವಿನ ಎಲೆಯದ್ದೇ ಅಲ್ವಾ?”

“ಅದು ಕಡಲೆಹಿಟ್ಟು ಹಚ್ಚಿ ಕರಿದದ್ದು. ನಿನ್ನದು ಅಕ್ಕಿ ಅರೆದು ಹಚ್ಚಿ ಬೇಯಿಸಿದ್ದು. ಹೀಗೆ ನೋಡಿ ಹಾಗೆ ಹೋಗ್ತಾರೆ.”

“ಇಪ್ಪತ್ತೇಳು ವರ್ಷ ನೀವು ನೋಡಿದ್ದು ಗಿರಾಕಿಯ ಕಿಸೆ. ನಾಲಿಗೆಯ ವಿಷಯ ನಿಮಗೆಂತ ಗೊತ್ತುಂಟು?”

ಮಗಳು ಪ್ರಿಯಂವದಾ ಠಾಣೆಯ ಕಾಲೇಜಿನಲ್ಲಿ ಓದುತ್ತಾಳೆ. ಜನ ದಿನನಿತ್ಯದ ತಿಂಡಿಯನ್ನು ಹೇಗೆ ಆರಿಸುತ್ತಾರೆ ಎಂಬುದೇ ಅವಳ ಪ್ರಾಜೆಕ್ಟು. (ಮನೆಯಲ್ಲೇ ಗ್ರಂಥಾಲಯ ಕುಳಿತಿರುವಾಗ ಅವಳು ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದಳು!) “ಮಸ್ತ್! ಎರಡೂ ಸ್ಟಾಲಲ್ಲಿ ಸರ್ವೇ ಕರೂಂಗಿ” ಎಂದು ಕುಣಿದಳು. “ಬರೆದುಕೋ ಮಗಾ, ಬೆಳಕು, ಬಣ್ಣ, ಅಭ್ಯಾಸ. ಇಷ್ಟೇ ಇರುದು” ಎಂದೆ ನಾನು, ದಯಪಾಲಿಸುವ ಧ್ವನಿಯಲ್ಲಿ.

ಮೇಳದ ದಿನ ನನ್ನ ಸ್ಟಾಲಿಗೆ ದೀಪದ ಸರ, ಎರಡಾಳು ಎತ್ತರದ ಬ್ಯಾನರು, ಮೂರು ಬಣ್ಣದ ಚಟ್ನಿ. ವಾರಿಜಾಳಿಗೆ ಸಿಕ್ಕಿದ್ದು ಮೀಟರ್ ಬಾಕ್ಸಿನ ಪಕ್ಕದ ಮೂಲೆ. ಒಂದು ಮೇಜು, ಪತ್ರೊಡೆ ಬೇಯಿಸಿಟ್ಟ ಒಂದು ಇಡ್ಲಿ ಅಟ್ಟ, ಒಂದು ಕಾವಲಿ, ಕೈಬರಹದ ರಟ್ಟು. ಏಳು ಗಂಟೆಯವರೆಗೆ ನನ್ನಲ್ಲಿಗೆ ಜನ ಬರುತ್ತಿದ್ದರು. ಅವಳಲ್ಲಿಗೆ ಬಂದವರು ಮೂರನೇ ಮಹಡಿಯ ಅಜ್ಜ, ಗುಪ್ತೆ ಆಜೋಬಾ ಒಬ್ಬರೇ. ಅವರೂ “ಪತ್ರೊಡೆ ಮ್ಹಣಜೆ ಕಾಯ್?” ಎಂದು ಕೇಳಿ, ಅದೇನೆಂಬ ಉತ್ತರಕ್ಕೆ ನಿಲ್ಲದೆ ಹೋದರು.

ವಾರಿಜಾ ಮೇಜು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಎರಡು ದಿನ ಕಲ್ಯಾಣದ ಮಾರ್ಕೆಟ್ಟೆಲ್ಲ ತಿರುಗಿ ಎಳೆಯ ಎಲೆ ಆರಿಸಿ ತಂದವಳು. ಗೆದ್ದೆನೆಂದು ಬೀಗುತ್ತಿದ್ದ ನನಗೆ ಒಳಗೆಲ್ಲೋ ಚುಚ್ಚಿತು. ನನ್ನ ಸ್ಟಾಲಿನ ಕಾವಲಿಯನ್ನು ಹೋಟೆಲಿನ ಅಡುಗೆ ಭಟ್ಟರಿಗೆ ಒಪ್ಪಿಸಿ, ಸುಮ್ಮನೆ ಮೇಲ್ವಿಚಾರಣೆಗೆಂಬಂತೆ ಅವಳಲ್ಲಿಗೆ ನಡೆದೆ.

“ಒಂದು ಪ್ಲೇಟು ಕೊಡು. ಹದ ನೋಡ್ತೇನೆ.”

ಅವಳು ನಾಲ್ಕು ತುಂಡು ಕಾವಲಿಗೆ ಹಾಕಿ ತೆಂಗಿನೆಣ್ಣೆ ಬಿಟ್ಟಳು. ಹುಳಿ, ಬೆಲ್ಲ, ಮೆಣಸು, ಅಂಚಿನಲ್ಲಿ ಗರಿಗರಿ. ಮೊದಲ ಪ್ಲೇಟು ಹದ ನೋಡಲು. ಎರಡನೆಯದು ಮೊದಲನೆಯದರ ಹದ ಸರಿಯೋ ಎಂದು ಖಚಿತಪಡಿಸಿಕೊಳ್ಳಲು. ಮೂರನೆಯದಕ್ಕೆ ಕಾರಣ ಹುಡುಕಲಿಲ್ಲ, ಕಣ್ಣು ಮುಚ್ಚಿಕೊಂಡು ತಿಂದೆ.

ಕಣ್ಣು ತೆರೆದಾಗ ಹಿಂದೆ ಸಾಲು ನಿಂತಿತ್ತು! ನನ್ನನ್ನು ಸ್ಟಾಲಿಗೆ ಕರೆದೊಯ್ಯಲು ಬಂದ ಅಭಿಮಾನಿಗಳೆಂದು ಭಾವಿಸಿ ಕೈಯೆತ್ತಿದೆ. ಗುಪ್ತೆ ಆಜೋಬಾ ನನ್ನ ಮೊಣಕೈ ಸರಿಸಿ, “ಅಣ್ಣಾ, ಜರಾ ಬಾಜೂಲಾ ವ್ಹಾ!” ಎಂದು ಪ್ಲೇಟು ಚಾಚಿದರು.

ಎಂಟೂವರೆಗೆ ವಾರಿಜಾಳ ಅಟ್ಟ ಖಾಲಿ. ನನ್ನ ಇಡ್ಲಿಗಳು ಬ್ಯಾನರಿನ ಕೆಳಗೆ ತಣ್ಣಗೆ ಕುಳಿತಿದ್ದವು. ಬಹುಮಾನಕ್ಕೆ ವಾರಿಜಾಳ ಹೆಸರು ಕೂಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಕೇಳಿದವರಿಗೂ ಕೇಳದವರಿಗೂ “ನನ್ನ ಹೆಂಡತಿ, ನನ್ನ ಹೆಂಡತಿ” ಎಂದು ಹೇಳಿಕೊಂಡು ತಿರುಗಿದೆ.

“ಕಡೆಗೂ ರುಚಿಯೇ ಗೆದ್ದಿತು ನೋಡು” ಎಂದೆ ಮಗಳಿಗೆ.

ಅವಳು ಮೊಬೈಲು ನೋಡಿ ನಕ್ಕಳು. “ನಹೀ ಪಪ್ಪಾ. ರುಚಿ ಅಂತ ಹೇಳಿದ್ದು ಎರಡನೇ ಪ್ಲೇಟ್ ತಗೊಂಡವ್ರು. ಪೆಹಲಾ ಪ್ಲೇಟ್ ಯಾಕೆ ಅಂತ ಕೇಳಿದ್ರೆ ಎಲ್ಲರದ್ದೂ ಏಕ್ ಹೀ ಜವಾಬ್. ಹೋಟೆಲ್‌ವಾಲಾ ಅಣ್ಣಾ ತನ್ನ ಸ್ಟಾಲ್ ಬಿಟ್ಟು ಇಲ್ಲಿ ತಿಂತಿದ್ದಾನೆ, ತೋ ಕುಛ್ ಖಾಸ್ ಹೋಗಾ!”

“ಮತ್ತೆ ನನ್ನ ಸ್ಟಾಲಿಗೆ ಯಾಕೆ ಬರಲಿಲ್ಲವಂತೆ?”

“ಮಾಲಿಕ್ ಖುದ್ ತಿನ್ನುದಿಲ್ಲ, ಹಮ್ ಕ್ಯೋಂ ಖಾಯೇ ಅಂತ.”

ಆಗಲೇ ಸೊಸೈಟಿಯ ಸೆಕ್ರೆಟರಿ ಸಾಠೆ ಪುಸ್ತಕ ಹಿಡಿದು ಬಂದರು. ಮುಂದಿನ ವರ್ಷ ವಹಿನಿಗೆ, ಅಂದರೆ ವಾರಿಜಾಳಿಗೆ, ಗೇಟಿನ ಬಳಿಯ ದೊಡ್ಡ ಜಾಗ, ಅಣ್ಣನಿಗೆ ಯಾವ ಸ್ಟಾಲು ಬರೆದುಕೊಳ್ಳಲಿ ಎಂದು ಕೇಳಿದರು.

“ಅವರಿಗೆ ಸ್ಟಾಲು ಬೇಡ” ಎಂದಳು ವಾರಿಜಾ. “ನನ್ನ ಮೇಜಿನ ಎದುರು ಒಂದು ಕುರ್ಚಿ ಹಾಕಿ. ಕೂತು ತಿಂದರೆ ಸಾಕು.”

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ನಾನು ಗತ್ತು ಬಿಡಲಿಲ್ಲ. ಎದೆಯುಬ್ಬಿಸಿ, “ಕೈ ಇರುವ ಕುರ್ಚಿಯೇ ಆಗಬೇಕು, ಬರೆದುಕೊಳ್ಳಿ” ಎಂದೆ.