ಕೆಂಚಿಯ ಕೋರೆಹಲ್ಲು

ಗಂಜಾಮಿನ ನಮ್ಮ ಓಣಿಯಲ್ಲಿ ನನ್ನ ಕೈಚಳಕವನ್ನು ಅನುಮಾನಿಸುವವರು ಯಾರೂ ಇಲ್ಲ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟರೆ. ಸಾಸಿವೆ ಕಾಳಿನಷ್ಟು ಹರಳನ್ನೂ ಮೂಗುತಿಯಲ್ಲಿ ಕೂರಿಸುವ ಅಕ್ಕಸಾಲಿ ಕಾಳಪ್ಪ ನಾನು. ಹೋದ ಸಲ ಶತ್ರುಸೈನ್ಯ ಕೋಟೆಗೆ ಮುತ್ತಿಗೆ ಹಾಕಿದಾಗ ಎಲ್ಲರ ಜೊತೆ ನಾನೂ ಓಡಿದ್ದು ನಿಜ. ಆದರೆ ಓಡಿದ್ದು ಕಾಲು, ಕೈ ನಡುಗಲಿಲ್ಲ. ಇಂಥ ಕೈಗೆ ಒಂದು ಬೆಕ್ಕಿನ ಹಲ್ಲು ಯಾವ ಲೆಕ್ಕ ಅಂದುಕೊಂಡೆ.

ಬೆಕ್ಕಿನ ಹೆಸರು ಕೆಂಚಿ. ನನ್ನ ಹೆಂಡತಿ ಪುಟ್ಟಲಕ್ಷ್ಮಮ್ಮ ತವರೂರು ಸಿಂಧಘಟ್ಟದಿಂದ ಬುಟ್ಟಿಯಲ್ಲಿಟ್ಟು ತಂದದ್ದು. ಈಗ ಅದಕ್ಕೆ ವಯಸ್ಸಾಗಿದೆ. ಈಚೆಗೆ ಅದರ ಬಾಯಿ ಎಷ್ಟು ನಾರುತ್ತಿತ್ತೆಂದರೆ, ಅದು ಆಕಳಿಸಿದಾಗಲೆಲ್ಲ ನಾನು ಊದುಗೊಳವೆ ಕೆಳಗಿಟ್ಟು ಬೀದಿಗೆ ಹೋಗಿ ಉಸಿರು ತುಂಬಿಕೊಂಡು ಬರಬೇಕಿತ್ತು. ಮೂಗು ಚುಚ್ಚಿಸಿಕೊಳ್ಳಲು ಬಂದ ಯಶೋದಮ್ಮ ಮೂಗು ಮುಚ್ಚಿಕೊಂಡು ಹೊರಟೇಹೋದರು.

ಅದಕ್ಕಿಂತ ಸಂಕಟದ ಸಂಗತಿ ಇನ್ನೊಂದಿತ್ತು. ಕೆಂಚಿ ಸರಿಯಾಗಿ ತಿನ್ನುತ್ತಿರಲಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿತ್ತು.

"ಇಲೀನ ಇಡೀತದೆ, ಮುಂದಿಟ್ಕಂಡು ಸುಮ್ಕೆ ನೋಡ್ತಾ ಕೂತ್ಕತದೆ. ಅಲ್ಲು ನೋವು ಕಣ್ರೀ ಅದ್ಕೆ," ಎಂದು ಹೆಂಡತಿ ಕಣ್ಣೊರೆಸಿಕೊಂಡಳು.

"ಅಳಬ್ಯಾಡ ಸುಮ್ಕಿರು. ಉಪ್ಪು, ಇದ್ಲುಪುಡಿ ಆಕಿ ಒಂದ್ ಕಿತ ಉಜ್ಬುಟ್ರೆ ಘಮ್ ಅಂತದೆ."

"ನಿಮ್ಮಲ್ಲು ಉಜ್ಕಳ್ಳಿ ಅಂತ ನಾನು ದಿನಾ ಬಡ್ಕಬೇಕು. ನೀವು ಅದ್ಕುಜ್ಜೀರಾ?"

ಕೆಲಸಗಾರನಾದವನು ಇಂಥ ಮಾತಿಗೆ ಕಿವಿಗೊಡಬಾರದು. ಕೆಂಚಿಯನ್ನು ಕುತ್ತಿಗೆಯವರೆಗೆ ಬಟ್ಟೆಯಲ್ಲಿ ಸುತ್ತಬೇಕಿತ್ತು. ಕೈಗೆ ಬೇರೆ ಬಟ್ಟೆ ಸಿಗಲಿಲ್ಲ. ಮನೆಯೊಳಗೇ ಇದ್ದೇವಲ್ಲ ಎಂದು ಉಟ್ಟ ಪಂಚೆಯನ್ನೇ ಬಿಚ್ಚಿ ಸುತ್ತಿದೆ. ಹೆಂಡತಿ ಅದನ್ನು ಮಡಿಲಲ್ಲಿ ಅದುಮಿ ಹಿಡಿದಳು. ನಾನು ಲಂಗೋಟಿಯಲ್ಲಿ ಕುಕ್ಕರಗಾಲಲ್ಲಿ ಕೂತು ಅದರ ಬಾಯಿ ಬಿಡಿಸಿದೆ. ತಾಮ್ರಕ್ಕೆ ಕಿಲುಬು ಹತ್ತಿದಂತೆ ಹಲ್ಲುಗಳ ಬುಡದಲ್ಲಿ ಕಂದು ಕೊಳೆ ಗಟ್ಟಿಕಟ್ಟಿತ್ತು. ವಸಡು ಕೆಂಪಗೆ ಊದಿತ್ತು. ಮೇಲಿನ ಒಂದು ಕೋರೆಹಲ್ಲು ಅಲ್ಲಾಡುತ್ತಿತ್ತು.

"ಅದ್ನ ಮುಟ್ಬ್ಯಾಡಿ," ಎಂದಳು ಹೆಂಡತಿ.

"ಮುಟ್ಟಕಿಲ್ಲ. ಬರೀ ತಿಕ್ತೀನಿ."

ಉಪ್ಪು ವಸಡಿಗೆ ತಾಗಿದ್ದೇ ತಡ, ಮಡಿಲಲ್ಲಿದ್ದ ಬೆಕ್ಕು ಹುಲಿಯಾಯಿತು. ನನ್ನ ಬಲಗೈ ಹೆಬ್ಬೆಟ್ಟನ್ನು ಕಚಕ್ಕೆಂದು ಕಚ್ಚಿ, ಹೆಂಡತಿಯ ಹೆಗಲು ಹತ್ತಿ, ರಾಗಿ ಹಿಟ್ಟಿನ ಮೊರದ ಮೇಲೆ ಬಿದ್ದು, ಬಾಗಿಲಿಂದ ಆಚೆ ಹಾರಿತು. ಹಿಂದೆಯೇ ನನ್ನ ಪಂಚೆಯೂ ಹೋಯಿತು. ನೋವಿನಲ್ಲಿ ನನಗೆ ಹೊಳೆದದ್ದು ಒಂದೇ, ಪಂಚೆ ಹಿಡಿಯಬೇಕು. ಹಿಡಿಯಲು ಓಡಿದೆ. ಹೊಳೆಯಿಂದ ನೀರು ಹೊತ್ತು ಬರುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ಗೋಡೆಯ ಕಡೆ ತಿರುಗಿ ನಿಂತಾಗಲೇ ನಾನು ಹೇಗಿದ್ದೇನೆಂಬುದು ನನಗೆ ನೆನಪಾಯಿತು.

ಮನೆಗೆ ಮರಳಿ ಬರುವಾಗ ಪಂಚೆ ಸಿಕ್ಕಿತ್ತು, ಮಾನ ಸಿಕ್ಕಿರಲಿಲ್ಲ. ಹೆಂಡತಿ ಬೆರಳು ತೊಳೆದಳು. ಅರಿಸಿನ ಹಚ್ಚಲು ಹೋಗಿ ಕೈ ತಡೆದಳು.

"ಅಲ್ಲಾಡಬ್ಯಾಡಿ. ಒಳಗೇನೋ ಸಿಕ್ಕಂಡದೆ."

ನನ್ನದೇ ಚಿಮಟದಿಂದ ಎಳೆದು ಬೆಳಕಿಗೆ ಹಿಡಿದಳು. ಕೆಂಚಿಯ ಕೋರೆಹಲ್ಲು.

ನಾನು ನೋವು ನುಂಗಿ ಗಂಭೀರವಾಗಿ ಹೇಳಿದೆ: "ನೋಡ್ದಾ? ಕಿತ್ತೆ."

"ನೀವೆಲ್ಲಿ ಕಿತ್ರಿ? ಅದೇ ನಿಮ್ಮೊಳಕ್ಕೆ ನೆಟ್ಬುಟ್ಟು ವೋಯ್ತು."

ಸಂಜೆ ಕೆಂಚಿ ಹಿಟ್ಟು ಮೆತ್ತಿದ ಮೈಯಲ್ಲೇ ಬಂದು ಅನ್ನ ಹಾಲು ಬಳಿದು ನೆಕ್ಕಿತು. ಕ್ರಮೇಣ ಇಲಿ ತಿನ್ನತೊಡಗಿತು, ಬಾಯಿಯ ನಾತ ಇಳಿಯಿತು. ನನ್ನ ಹೆಬ್ಬೆಟ್ಟು ಮಾತ್ರ ಬದನೆಕಾಯಿಯಂತೆ ಊದಿಕೊಂಡು, ಚಿಮಟ ಹಿಡಿಯಲಾಗದೆ ಅಗ್ಗಿಷ್ಟಿಕೆ ತಣ್ಣಗಾಯಿತು. ಹೆಂಡತಿ ಇದನ್ನೆಲ್ಲ ಹೊಳೆಯ ಮೆಟ್ಟಿಲ ಮೇಲೆ ಬಣ್ಣ ಕಟ್ಟಿ ಹೇಳಿದ್ದು ನನಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಓಣಿಯ ರೈತ ದೇವಯ್ಯ ಬಂದು ಜಗುಲಿಯ ಮುಂದೆ ನಿಂತ. ಎಂದೂ ನಗದ ಮನುಷ್ಯ. ಕಂಕುಳಲ್ಲಿದ್ದ ಗೋಣಿಚೀಲ ಗುರುಗುಡುತ್ತಿತ್ತು.

"ಆಚಾರ್ರೇ, ನಮ್ ಬೆಕ್ಕಿನ್ ಬಾಯೂ ನಾರ್ತದೆ. ಒಂದಲ್ಲು ಅಲ್ಲಾಡ್ತದೆ. ನಿಮ್ತವೇ ಓಗು ಅಂದ್ರು."

ಕೊನೆಗೂ ಒಬ್ಬನಾದರೂ ನನ್ನ ವಿದ್ಯೆ ಮೆಚ್ಚಿದನಲ್ಲ ಎಂದು ಎದೆಯುಬ್ಬಿತು. "ಕೂತ್ಕೊ ದೇವಯ್ಯ, ಇಕ್ಕಳ ತತ್ತೀನಿ," ಎಂದು ಎದ್ದೆ.

"ಇಕ್ಕಳ ನಮ್ಮನೇಲೂ ಅದೆ, ಆಚಾರ್ರೇ," ಎಂದ ದೇವಯ್ಯ ಚೀಲದ ಬಾಯಿ ಬಿಚ್ಚುತ್ತ. "ನಿಮ್ ಎಡಗೈ ಎಬ್ಬೆಟ್ಟು ಇನ್ನೂ ಚೆನ್ನಾಗದಲ್ಲ, ಅದ್ನ ಒಸಿ ಕೊಡಿ."